ಸಾಹೇಬರು ಬರುವ ಮುನ್ನಾದಿನ

ನನ್ನ ನೆನಪಿನಲ್ಲಿರುವ ಹಳೆಯ ರಸ್ತೆಗಳೆಲ್ಲ ನುಣ್ಣಗಿವೆ. ಚಿಕ್ಕವನಿದ್ದಾಗ ಹಿರೇಕೆರೂರಿಗೆ ಹೋದದ್ದು, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದ್ದು, ಎಲ್ಲದರಲ್ಲೂ ಕಿಟಕಿಯ ಗಾಳಿ ಇದೆ, ತಗ್ಗು ಒಂದೂ ಇಲ್ಲ. ಆಗ ಅವ್ವನ ತೊಡೆಯ ಮೇಲೆ ಕೂತಿರುತ್ತಿದ್ದೆ. ಕುಲುಕಾಟವೆಲ್ಲ ಅವಳ ಪಾಲಿಗೆ ಹೋಗಿರಬೇಕು. ಆದ್ದರಿಂದ ರಸ್ತೆಗಳ ಬಗ್ಗೆ ನನ್ನ ಮಾತನ್ನು ಪೂರ್ತಿ ನಂಬಬೇಡಿ. ಈಗ ಹೇಳುವುದು ಮಾತ್ರ ಕಳೆದ ವರ್ಷದ್ದು, ಸಾಕ್ಷಿಗಳಿದ್ದಾರೆ.

ಶಿಗ್ಗಾಂವಿಯ ಹತ್ತಿರ ನಮ್ಮೂರ ರಸ್ತೆ ಹೆದ್ದಾರಿಗೆ ಕೂಡುವಲ್ಲಿ ಒಂದು ದೊಡ್ಡ ತಗ್ಗಿದೆ. ಡಾಂಬರು ಎತ್ತಲಿಂದ ಬಂದರೂ ಅದರ ಅಂಚಿಗೆ ನಿಂತುಬಿಡುತ್ತದೆ. ಹೆದ್ದಾರಿಯವರು ಅದು ಊರಿನದೆನ್ನುತ್ತಾರೆ, ಊರಿನ ಆಡಳಿತ ಹೆದ್ದಾರಿಯದೆನ್ನುತ್ತದೆ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ಸೀಮೆಯಲ್ಲಿ ಇಷ್ಟಗಲ ನೆಲವನ್ನು ಇಬ್ಬರೂ ‘ನಿಮ್ಮದೇ ಇರಲಿ’ ಎಂದು ಬಿಟ್ಟುಕೊಡುತ್ತಿದ್ದರು. ನಾನು ಓದಿದ ಕೆಲವು ಶಾಸನಗಳಲ್ಲಿ ಕೆರೆಗೆ, ಗುಡಿಗೆ ಭೂಮಿ ಬಿಟ್ಟವರಿದ್ದಾರೆ. ತಗ್ಗನ್ನು ಬಿಟ್ಟುಕೊಟ್ಟವರಿಗೆ ಯಾರೂ ಕಲ್ಲು ನೆಟ್ಟಂತಿಲ್ಲ.

ಪಕ್ಕದ ಮನೆಯ ನೀಲವ್ವನಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ತಿಳವಳ್ಳಿಗೆ ಕೊಟ್ಟ ಮಗಳು ಚೊಚ್ಚಲ ಬಸುರಿ. ಸೀಮಂತದ ಕುಬಸ ಮುಗಿಸಿ ಆಟೋದಲ್ಲಿ ತವರಿಗೆ ಕರೆತರಬೇಕು. ಮೈ ಕುಲುಕದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು.

“ಅಷ್ಟು ದೂರದಿಂದ ಜ್ವಾಕಿಲೆ ಕರಕೊಂಡ ಬಂದು, ಊರ ಮುಂದಿನ ತಗ್ಗಿನ್ಯಾಗ ಕೆಡವ್ಲೇನ್ರಿ ಅಣ್ಣಾರ?” ಎಂದು ನನ್ನನ್ನು ಕೇಳಿದಳು. ನಾವೇ ತುಂಬೋಣವೆಂದು ಓಣಿಯವರನ್ನೂ ಕೇಳಿ ನೋಡಿದಳು. “ಸರಕಾರದ ಕೆಲಸ ನಾವ್ಯಾಕ ಮಾಡೂಣು?” ಎಂದರು. ತತ್ತ್ವ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಸುದ್ದಿ ಬಂತು. ರಸ್ತೆಗಳನ್ನು ಚೆನ್ನಾಗಿ ಇಟ್ಟುಕೊಳ್ಳುವ ಪದ್ಧತಿಗಳಲ್ಲಿ ಕೇಂದ್ರವೂ ಸ್ಥಳೀಯ ಆಡಳಿತವೂ ಕೈಜೋಡಿಸಬೇಕಂತೆ. ಎರಡೂ ಕಡೆಯ ಇಂಜಿನಿಯರುಗಳು ಒಟ್ಟಿಗೆ ಬಂದು ನಮ್ಮ ತಗ್ಗನ್ನು ನೋಡುತ್ತಾರಂತೆ. ನೀಲವ್ವ ಹಿಗ್ಗಿದಳು. ಊರೂ ಹಿಗ್ಗಿತು. ಎಡವಟ್ಟಾದದ್ದು ಅಲ್ಲಿಯೇ.

ದೊಡ್ಡವರು ಬರುತ್ತಾರೆಂದರೆ ದಾರಿಯನ್ನು ಹಾಗೇ ಬಿಡುವ ರೂಢಿ ನಮ್ಮಲ್ಲಿಲ್ಲ. ಮುನ್ನಾದಿನ ಒಂದು ಟ್ರ್ಯಾಕ್ಟರ್ ಗರಸು ಮಣ್ಣು ಬಂತು. ತಗ್ಗು ತುಂಬಿ, ನೀರು ಹೊಡೆದು, ಟ್ರ್ಯಾಕ್ಟರನ್ನೇ ಮೇಲೆ ಹಿಂದೆಮುಂದೆ ಓಡಿಸಿ ಗಟ್ಟಿ ಮಾಡಿದರು. “ಸಾಹೇಬ್ರ ಜೀಪು ಕುಲುಕಿದ್ರ ನಮ್ಮ ಮರ್ಯಾದಿ ಏನ್ ಉಳೀತೈತಿ?” ಎಂದು ಮೊದಲು ಬುಟ್ಟಿ ಹಿಡಿದವಳು ನೀಲವ್ವನೇ. ನಾನೂ ಎರಡು ಬುಟ್ಟಿ ಹೊತ್ತ ನೆನಪು. ಒಂದನ್ನೂ ಹೊರಲಿಲ್ಲ, ನಿಂತು ಸಲಹೆ ಕೊಡುತ್ತಿದ್ದೆ ಎಂಬುದು ಅವಳ ಸಾಕ್ಷ್ಯ. ಏನು ಮಾಡುತ್ತಿದ್ದೇವೆಂದು ಒಬ್ಬರಿಗೂ ಹೊಳೆಯಲಿಲ್ಲ, ವಿಶ್ವವಿದ್ಯಾಲಯದಲ್ಲಿ ಓದಿಬಂದ ನನಗೂ.

ಮರುದಿನ ಇಂಜಿನಿಯರುಗಳು ಬಂದರು. ಜೀಪಿನಿಂದಿಳಿದು ಅತ್ತಿತ್ತ ನೋಡಿದರು.

“ತಗ್ಗು ಎಲ್ಲೈತ್ರಿ?” ಎಂದರು ಒಬ್ಬರು.

“ಅದರ ಮ್ಯಾಲ ನಿಂತೀರಲ್ರಿ,” ಎಂದಳು ನೀಲವ್ವ.

“ಇದು ಚಲೋನ ಐತಲ್ಲವಾ!”

“ನೀವು ಬರ್ತೀರಂತ ಮಾಡೇವ್ರಿ. ಹಂಗ ಬಿಟ್ಟಿದ್ರ ನಿಮಗ ಅವಮಾನ ಮಾಡಿದಂಗ ಆಗ್ತಿತ್ತು.”

ಇಂಜಿನಿಯರುಗಳಿಬ್ಬರೂ ಮುಖ ಮುಖ ನೋಡಿಕೊಂಡರು. ಮಂಡಕ್ಕಿ, ಮಿರ್ಚಿ ತಿಂದರು. ಜನರ ಸಹಭಾಗಿತ್ವಕ್ಕೆ ಇದೊಂದು ಮಾದರಿ ಎಂದು ಮೆಚ್ಚಿ, ಏನಾದರೂ ಇದ್ದರೆ ತಿಳಿಸಿ ಎಂದು ಫೋನ್ ನಂಬರ್ ಕೊಟ್ಟು, ಡಾಂಬರಿನ ಮಾತೆತ್ತದೆ ಹೋದರು.

ಊರು ಒಬ್ಬರನ್ನೊಬ್ಬರು ಬೈದುಕೊಂಡಿತು. ಆ ಬೈಗುಳ ಮುಗಿಯುವ ಮೊದಲೇ ತಿಳವಳ್ಳಿಯ ಆಟೋ ಬಂತು. ಗರಸಿನ ಮೇಲೆ ಒಂದಿಷ್ಟೂ ಕುಲುಕದೆ ದಾಟಿತು. ಹಾಗೆ ನೋಡಿದರೆ ದಿಲ್ಲಿಯೂ ನಮ್ಮೂರೂ ಸಹಕರಿಸಿದಂತೆಯೇ ಆಯಿತು: ಒಬ್ಬರು ಬರುತ್ತೇವೆಂದರು, ಇನ್ನೊಬ್ಬರು ತುಂಬಿದರು. ಇಷ್ಟು ಸರಳವಾದದ್ದನ್ನು ಪದ್ಧತಿಯೆಂದು ಕರೆಯಬಹುದೇ ಎಂಬ ಸಂಶಯ ನನಗಿನ್ನೂ ಇದೆ. ನೀಲವ್ವನಿಗಿಲ್ಲ.

ಮಳೆಗೆ ಗರಸು ಕೊಚ್ಚಿಹೋಯಿತು. ಮೊಮ್ಮಗಳು ಹುಟ್ಟಿದಳು. ಮೊನ್ನೆ ನೀಲವ್ವ ನನ್ನ ಫೋನಿನಿಂದ ಇಂಜಿನಿಯರೊಬ್ಬರ ಜೊತೆ ಮಾತಾಡಿದಳು. ಡಾಂಬರು ಕೇಳುತ್ತಾಳೆಂದು ನಾನು ಎಣಿಸಿದ್ದೆ.

“ಸಾಹೇಬ್ರ, ಕೂಸಿಗೆ ಐದು ತಿಂಗಳಾತು. ಬರೋ ಸೋಮವಾರ ತೊಟ್ಲಾ ಸಮೇತ ಮಗಳನ್ನ ಗಂಡನ ಮನಿಗೆ ಕಳಸೋದೈತಿ. ಡಾಂಬರು ಬ್ಯಾಡ್ರಿ. ಹಿಂದಿನ ದಿನ ಐತ್ವಾರ ಬರ್ತೇವಿ ಅಂತ ಊರಿಗೊಂದು ಮಾತು ಹೇಳಿ ಕಳಸ್ರಿ, ಸಾಕು. ಬರದಿದ್ರೂ ನಡೀತೈತಿ.”