ದಿಬ್ಬಣದ ಲಾಂಚು

ಅರವತ್ತರ ದಶಕದ ಕೊನೆಯಲ್ಲಿ, ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ಮನೆ ಮುಂದೆ ಚಪ್ಪರ ಹಾಕಿ ನನ್ನ ಮದುವೆ ಮಾಡಿದರು. ಗಂಡ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವರ ಹುಟ್ಟೂರು ಶರಾವತಿ ಹಿನ್ನೀರಿನ ಆಚೆ. ಅಣೆಕಟ್ಟಿನ ನೀರು ಏರಿ ದಾರಿ ಮುಳುಗಿದ ಮೇಲೆ ಆ ಕಡೆಯ ಊರುಗಳು ದ್ವೀಪದಂತಾಗಿದ್ದವು. ಲಾಂಚು ಬಿಟ್ಟರೆ ಬೇರೆ ಗತಿಯಿಲ್ಲ.

ಮನೆ ತುಂಬಿಸಲು ನನ್ನನ್ನು ಕರೆದೊಯ್ದ ದಿನ ಸಂತೆ ಮುಗಿಸಿದ ಜನ ದಡದಲ್ಲಿ ಬಿಸಿಲಿಗೆ ನಿಂತಿದ್ದರು. ಸವಳಂಗ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ ನನ್ನ ದೊಡ್ಡಪ್ಪ ಜೋರಿನ ಮನುಷ್ಯ. "ಇದು ಮದುವೆ ದಿಬ್ಬಣ ಕಣಯ್ಯ. ಉಳಿದವರು ಆಮೇಲೆ ಬರ್ಲಿ" ಎಂದು ಲಾಂಚಿನವನನ್ನು ಒಪ್ಪಿಸಿಬಿಟ್ಟರು. ನಾವು ಕೆಲವೇ ಜನ. ಜತೆಗೆ ಮಂಚ, ಹಂಡೆ, ನನಗೆ ಕೊಟ್ಟ ಕಬ್ಬಿಣದ ಬೀರು. ಬೆಂಚುಗಳು ಖಾಲಿ ಇದ್ದಂತೆಯೇ ಲಾಂಚು ಹೊರಟಿತು.

"ಬೀರುಗೆ ಜಾಗ ಐತೆ, ನಮಗಿಲ್ಲ ನೋಡು ಮಾರಾಯ್ತಿ" ಎಂದು ಬುಟ್ಟಿ ಹೊತ್ತ ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು. ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಗಂಡನಿಗೂ ಕೇಳಿಸಿರಬೇಕು, ಅವರು ನೀರು ನೋಡುತ್ತ ಕೂತರು.

ಆಚೆ ದಡದಲ್ಲಿ ಅತ್ತೆ ಎದುರುಗೊಳ್ಳಲು ಬಂದಿದ್ದರು. ನನ್ನ ಮುಖ ನೋಡುವ ಮೊದಲೇ ಲಾಂಚಿನೊಳಗೆ ಇಣುಕಿದರು.

"ಪಕ್ಕದ ಮನೆ ಅಜ್ಜಿ ಎಲ್ಲಿ? ನಿನ್ನ ಆರತಿಗೆ ಅಂತಲೇ ಬುಟ್ಟಿ ಹೊತ್ತು ಸಂತೆಗೆ ಹೂವು ತರೋಕೆ ಹೋಗಿದ್ದಳು."

ದೊಡ್ಡಪ್ಪ ಹಂಡೆ ಇಳಿಸಲು ಬಾಗಿದರು. ನಾನೇ ಹೇಳಬೇಕಾಯಿತು: "ಆ ದಡದಲ್ಲೇ ಇದ್ದಾರೆ. ನಾವು ಹತ್ತಿಸಿಕೊಳ್ಳಲಿಲ್ಲ."

ಅತ್ತೆ ಲಾಂಚಿನವನ ಕಡೆ ತಿರುಗಿದರು. "ವಾಪಸ್ ಹೋಗು. ಅವರೆಲ್ಲ ಬರಲಿ, ಆಮೇಲೆ ಆರತಿ."

"ಮುಹೂರ್ತ ಮೀರತ್ತೆ ಬೀಗಿತ್ತಿಯವರೇ" ಎಂದರು ದೊಡ್ಡಪ್ಪ.

"ಮೀರಲಿ ಬಿಡಿ. ನಾಳೆ ಇವಳಿಗೆ ಜ್ವರ ಬಂದರೆ ಕಷಾಯ ತರೋಳು ಅವಳೇ."

ಬಾಸಿಂಗದ ಗುರುತು ಹಣೆಯ ಮೇಲೆ ಹಾಗೇ ಇತ್ತು. ರೇಷ್ಮೆ ಸೀರೆಯಲ್ಲಿ ಬೆವರುತ್ತ ಅತ್ತೆಯೂರಿನ ದಡದ ಮಣ್ಣಿನಲ್ಲಿ ನಿಂತೆ. ಲಾಂಚು ತುಂಬಿಕೊಂಡು ಬಂತು. ಮುದುಕಿ ಇಳಿದವಳೇ ಬುಟ್ಟಿಯ ಒದ್ದೆ ಬಟ್ಟೆ ಸರಿಸಿ ನನ್ನ ಮುಡಿಗೆ ಮಲ್ಲಿಗೆ ಇಟ್ಟು, "ಚೆನ್ನಾಗಿ ಬಾಳು ಮಗಾ" ಎಂದಳು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ.

ಭದ್ರಾವತಿಯಲ್ಲಿ ಸಂಸಾರ ಹೂಡಿದ ಮೇಲೆ ಈ ಕಡೆಯ ಹುಡುಗಿಯೊಂದಿಗೆ ಮೈದುನನ ಮದುವೆ ನಿಶ್ಚಯವಾಯಿತು. ಆಗ ನಾನು ಗಂಡನಿಗೆ ಹೇಳಿದೆ: "ಬೆಳಿಗ್ಗೆ ಲಾಂಚು ಜನ ತುಂಬಿಕೊಂಡು ಈ ದಡಕ್ಕೆ ಬರುತ್ತೆ, ವಾಪಸ್ ಹೋಗೋವಾಗ ಖಾಲಿ. ಸಾಮಾನೆಲ್ಲ ಅದರಲ್ಲಿ ಕಳಿಸೋಣ. ಸಂಜೆ ನಾವು ಊರವರ ಜತೆಗೇ ಹೋಗೋಣ." ಹಾಗೆಯೇ ಮಾಡಿದೆವು. ಆಮೇಲೆ ಆ ಕಡೆಯ ಒಂದೆರಡು ಮನೆಯವರೂ ಅದನ್ನೇ ಮಾಡಿದರು. ಸೊಸೆಯ ಬುದ್ಧಿವಂತಿಕೆ ಎಂದು ಅತ್ತೆ ಹೇಳಿಕೊಂಡು ತಿರುಗಿದರು. ಅದನ್ನು ಕೇಳಿದಾಗಲೆಲ್ಲ ಆ ದಿನದ ಖಾಲಿ ಬೆಂಚುಗಳು ನೆನಪಾಗಿ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.