ಕೇಳಿದ್ದು ಅವನಿಯನ್ನು

ಅಮೆರಿಕದ ನಮ್ಮ ಹಿಲ್ಸ್‌ಬರೋದ ಕನ್ನಡದವರಲ್ಲಿ ಶಿವಪ್ರಸಾದರನ್ನು ಕೇಳದೆ ಒಂದು ಕುಕ್ಕರ್ ಕೊಂಡವರೂ ಆಗ ಇರಲಿಲ್ಲ. ಮಿನಿವ್ಯಾನ್ ಆಗಲಿ, ಕ್ಯಾಮ್‌ಕಾರ್ಡರ್ ಆಗಲಿ, ಊರಿಗೆ ಒಯ್ಯುವ ಸೂಟ್‌ಕೇಸ್ ಆಗಲಿ, ಮೊದಲು ಅವರ ಮನೆಗೆ ಫೋನು. ಅವರು ಲೈಬ್ರರಿಗೆ ಹೋಗಿ, ಸಾಮಾನು ಪರೀಕ್ಷಿಸಿ ಅಂಕ ಕೊಡುವ ಪತ್ರಿಕೆಗಳನ್ನೆಲ್ಲ ತಿರುವಿ, ಯಾವುದಕ್ಕೆ ಹೆಚ್ಚು ಅಂಕ ಬಂದಿದೆ ಎಂದು ನೋಡಿ, ಶನಿವಾರ ನಮ್ಮ ಜೊತೆ ಅಂಗಡಿಗೂ ಬರುತ್ತಿದ್ದರು. ಬಂದ ಮೇಲೆ ಮಾತೆಲ್ಲ ಅವರದೇ. ಕೊಳ್ಳುವವರು ಹಿಂದೆ ಗಾಡಿ ತಳ್ಳಿಕೊಂಡು ನಿಂತರೆ ಸಾಕು. ಉಪಕಾರಿ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ನನಗೆ ಅವರು ಆರಿಸಿಕೊಟ್ಟ ವ್ಯಾಕ್ಯೂಮ್ ಕ್ಲೀನರನ್ನು ಎತ್ತಲು ಇಬ್ಬರು ಬೇಕು. ಇವತ್ತಿಗೂ ಅದು ಕ್ಲಾಸೆಟ್ಟಿನಲ್ಲಿ ಬಿದ್ದಿದೆ.

ತಿಪಟೂರಿನ ಕಡೆಯವರು. ಅವರ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ಇವರೇ. ಚಿಕ್ಕವರಿದ್ದಾಗ ಹೊಟ್ಟೆನೋವು ಎಂದು ಡಾಕ್ಟರ ಹತ್ತಿರ ಹೋದರೆ, "ಎಲ್ಲಿ ನೋಯುತ್ತಪ್ಪ?" ಎಂದು ಅವರು ಇವರನ್ನು ಕೇಳಿದಾಗ ತಾತನೇ ಇವರ ಹೊಟ್ಟೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರಂತೆ. ಈ ಕಥೆ ಹೇಳಿ ತಾವೇ ನಗುತ್ತಿದ್ದರು. ನಾವೂ ನಗುತ್ತಿದ್ದೆವು, ನಮ್ಮೆಲ್ಲರ ಮನೆಯಲ್ಲೂ ಹಾಗೆಯೇ ಇತ್ತಲ್ಲ.

ತೊಂಬತ್ತೊಂಬತ್ತರಲ್ಲಿ ಎಲ್ಲೆಲ್ಲೂ, ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆಂಬ Y2K ಗದ್ದಲ. ಪಕ್ಕದ ಬೀದಿಯ ಸತ್ಯನಾರಾಯಣ ಶಿಕಾಗೋದ ಪ್ರಾಜೆಕ್ಟಿನಲ್ಲಿ ಸಿಕ್ಕಿಹಾಕಿಕೊಂಡು ವಾರಾಂತ್ಯಕ್ಕೂ ಸರಿಯಾಗಿ ಮನೆಗೆ ಬರುತ್ತಿರಲಿಲ್ಲ. ಅವರ ಮಗಳು ಅವನಿ ಹೈಸ್ಕೂಲಿಗೆ ಸೇರಿ ಒಂದು ವರ್ಷವಾಗಿತ್ತು. ಶುಕ್ರವಾರ ಸ್ಕೂಲಿನ ಬಸ್ಸು ಮಕ್ಕಳನ್ನು ವರ್ನನ್ ಕಡೆಯ ಗುಡ್ಡಕ್ಕೆ ಸ್ಕೀ ಮಾಡಲು ಕರೆದೊಯ್ಯುತ್ತಿತ್ತು. ಹಿಂದಿನ ಚಳಿಗಾಲವೆಲ್ಲ ಬಾಡಿಗೆಯ ಸ್ಕೀ ಹಲಗೆ ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿದ ಹುಡುಗಿ ಈ ಸಲ ಸ್ವಂತದ್ದು ಬೇಕು ಎಂದಳು. ಸತ್ಯನಾರಾಯಣ ಶಿಕಾಗೋದಿಂದಲೇ ಫೋನು ಮಾಡಿದರು. "ಪ್ರಸಾದ್, ನೀವೇ ಕರ್ಕೊಂಡು ಹೋಗಿ ಒಂದು ಒಳ್ಳೇದು ನೋಡಿ ಕೊಡ್ಸಿಬಿಡಿ. ನೀವು ನೋಡಿದ್ರೆ ನಂಗೆ ನಿಶ್ಚಿಂತೆ."

ಶಿವಪ್ರಸಾದರು ಜನ್ಮದಲ್ಲಿ ಹಿಮದ ಮೇಲೆ ಜಾರಿದ್ದು ಡ್ರೈವ್‌ವೇಯಲ್ಲಿ ಮಾತ್ರ, ಅದೂ ಹಾಲು ತರಲು ಹೋದಾಗ. ಆದರೆ ಗೊತ್ತಿಲ್ಲ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಲೈಬ್ರರಿಗೆ ಹೋದರು, ಓದಿದರು, ಶನಿವಾರ ಅವನಿಯನ್ನು ಕೂರಿಸಿಕೊಂಡು ಅಂಗಡಿಗೆ ಹೊರಟರು.

ಅಂಗಡಿಯಲ್ಲಿ ಕೂದಲನ್ನು ಎರಡು ಜಡೆ ಹಾಕಿಕೊಂಡ ಒಬ್ಬ ಅಮೆರಿಕನ್ ಹುಡುಗಿ ಇದ್ದಳು. ಅವಳು ಇವರನ್ನು ಬಿಟ್ಟು ನೇರವಾಗಿ ಅವನಿಯನ್ನೇ ಕೇಳಿದಳು, "ನೀನು ಪಾರ್ಕಿಗೆ ಹೋಗ್ತೀಯಾ? ಬೆನ್ನು ಮುಂದಾಗಿ ಜಾರ್ತೀಯಾ?" ಗುಡ್ಡದ ಒಂದು ಪಕ್ಕದಲ್ಲಿ ಹಿಮವನ್ನೇ ದಿಬ್ಬ ಮಾಡಿ, ಕಬ್ಬಿಣದ ಕಂಬಿ ಹುಗಿದಿಟ್ಟಿರುತ್ತಾರೆ. ಮಕ್ಕಳು ಅಲ್ಲಿ ಹಾರಿ, ಗಾಳಿಯಲ್ಲಿ ತಿರುಗಿ, ಎಷ್ಟೋ ಸಲ ಬೆನ್ನು ಮುಂದಾಗಿ ನೆಲಕ್ಕೆ ಇಳಿಯುತ್ತಾರೆ. ಅದಕ್ಕೇ ಪಾರ್ಕ್ ಎನ್ನುವುದು.

ಅವನಿ ಬಾಯಿ ತೆರೆದಳು.

"ನೋ ನೋ," ಎಂದರು ಶಿವಪ್ರಸಾದರು. "ಶಿ ಈಸ್ ಎ ವೆರಿ ಕೇರ್‌ಫುಲ್ ಗರ್ಲ್."

ಅವನಿ ಬಾಯಿ ಮುಚ್ಚಿದಳು. ಆ ಹುಡುಗಿ ಆದರೂ ಬಿಡದೆ ಒಂದು ಜೊತೆ ತಂದು ತೋರಿಸಿದಳು. ಅವನಿಯ ಮೂಗಿನವರೆಗೆ ಬರುವಂಥದ್ದು, ಸ್ವಲ್ಪ ಮೆತ್ತಗೆ ಬಾಗುವಂಥದ್ದು, ಮುಂದಿನ ತುದಿಯಂತೆ ಹಿಂದಿನ ತುದಿಯೂ ಮೇಲಕ್ಕೆದ್ದದ್ದು. ಪಾರ್ಕಿಗೂ ಆಗುತ್ತೆ, ಸುಮ್ಮನೆ ಗುಡ್ಡ ಇಳಿಯೋದಕ್ಕೂ ಆಗುತ್ತೆ, ಒಂದೇ ಜೊತೆ ಸಾಕು ಎಂದಳು. ಶಿವಪ್ರಸಾದರಿಗೆ ಆ ಹಿಂದಿನ ತುದಿ ಕಂಡು ನಗು ಬಂತು. ಅವರು ಆರಿಸಿದ್ದು ಪಂದ್ಯದವರು ಬಳಸುವ ಗಟ್ಟಿ ಸ್ಕೀ. ಎಲ್ಲಕ್ಕಿಂತ ಹೆಚ್ಚು ಅಂಕ ಬಂದದ್ದು ಅದಕ್ಕೇ. ಹಿಂದಿನ ತುದಿ ಹಲಗೆ ಕೊಯ್ದಂತೆ ಚಪ್ಪಟೆ. ಉದ್ದ ಅವನಿಯ ತಲೆಯನ್ನೂ ದಾಟಿತ್ತು. "ಬೆಳೆಯೋ ಮಗು, ಇನ್ನೂ ನಾಲ್ಕು ವರ್ಷಕ್ಕೆ ಆಗುತ್ತೆ," ಎಂದರು. ನಮ್ಮ ಸ್ಕೂಲಿನ ಬೂಟುಗಳನ್ನು ಕೊಂಡದ್ದೂ ಇದೇ ಲೆಕ್ಕದಲ್ಲಿ ತಾನೆ.

ಮುಂದಿನ ವಾರ ನಮ್ಮ ಮನೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದಿದ್ದ ಪಾಟ್‌ಲಕ್‌ನಲ್ಲಿ ಅವರು ಇದನ್ನೇ ರಸವತ್ತಾಗಿ ಹೇಳಿದರು. "ಹಿಂದಕ್ಕೆ ಹೋಗೋ ಸ್ಕೀ ಅಂತೆ ಕಣ್ರಿ. ದುಡ್ಡು ಕೊಟ್ಟು ಯಾರಾದ್ರೂ ಹಿಂದಕ್ಕೆ ಹೋಗ್ತಾರಾ?" ಎಲ್ಲರೂ ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡೇ ನಕ್ಕರು. ಅವನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ನಗಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು.

ಜನವರಿಯ ಒಂದು ಶುಕ್ರವಾರ ಗುಡ್ಡದಿಂದ ಫೋನು ಬಂತು. ಅವನಿಯ ತಾಯಿ ಅರ್ಪಿತಾ ಹಿಮದಲ್ಲಿ ಡ್ರೈವ್ ಮಾಡುವವರಲ್ಲ. ಶಿವಪ್ರಸಾದರೇ ಅವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ಅವನಿಯ ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಹೇಗಾಯಿತು ಎಂದು ಡಾಕ್ಟರ್ ಕೇಳಿದ. "ಇಳಿಯುವಾಗ ಸ್ಲಿಪ್ ಆಗಿ..." ಎಂದು ಶಿವಪ್ರಸಾದರು ಶುರು ಮಾಡಿದರು, ಅವರೇನು ನೋಡಿದ್ದರೋ ದೇವರಿಗೇ ಗೊತ್ತು. ಅವನಿ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು: ಪಾರ್ಕಿನಲ್ಲಿ ಹಾರಿ ಬೆನ್ನು ಮುಂದಾಗಿ ಇಳಿದೆ, ಸ್ಕೀಯ ಹಿಂದಿನ ತುದಿ ಹಿಮದಲ್ಲಿ ಚುಚ್ಚಿಕೊಂಡಿತು.

ಅಂಗಡಿಯ ಹುಡುಗಿ ತೋರಿಸಿದ ಸ್ಕೀಯ ಹಿಂದಿನ ತುದಿ ಯಾಕೆ ಮೇಲಕ್ಕೆದ್ದಿತ್ತು ಎಂದು ಶಿವಪ್ರಸಾದರಿಗೆ ಅರ್ಥವಾದದ್ದು ಆಗ. ಭೂಮಿ ಬಾಯಿಬಿಟ್ಟಿದ್ದರೆ ಹೋಗಿಬಿಡುತ್ತಿದ್ದೆ ಎಂದು ಆಮೇಲೊಮ್ಮೆ ನನಗೆ ಹೇಳಿದರು. ಆಸ್ಪತ್ರೆಯಲ್ಲಿ ಅಷ್ಟರಲ್ಲಿ ಶಿಕಾಗೋದಿಂದ ಸತ್ಯನಾರಾಯಣ ಫೋನಿಗೆ ಬಂದರು. ಅವರ ಸಿಟ್ಟಿನ ಧ್ವನಿ ಕೋಣೆಗೆಲ್ಲ ಕೇಳುತ್ತಿತ್ತಂತೆ. "ಪ್ರಸಾದ್ ನೋಡಿ ತೆಗೆದಿದ್ದು ಅದು, ಸರಿಯಾಗೇ ಇರುತ್ತೆ. ಇವಳೇ ಏನೋ ಮಂಗಾಟ ಮಾಡಿರ್ತಾಳೆ. ಇನ್ಮೇಲೆ ಸ್ಕೀ ಗೀ ಏನೂ ಬೇಡ." ಅವನಿ ಪ್ಲಾಸ್ಟರ್ ಹಾಕಿದ ಕೈ ನೋಡುತ್ತ ಕೂತಳು. ಎಲ್ಲರ ಪರವಾಗಿ ಮಾತಾಡುವ ಶಿವಪ್ರಸಾದರ ಬಾಯಿಗೆ ಆಗ ಬೀಗ ಬಿದ್ದಿತ್ತು. ಈ ಮೌನವನ್ನು ನಾನು ಅವರಿಗೆ ಇನ್ನೂ ಪೂರ್ತಿ ಕ್ಷಮಿಸಿಲ್ಲ, ಅವರೂ ತಮ್ಮನ್ನು ಕ್ಷಮಿಸಿಕೊಂಡಿಲ್ಲ.

ಕೆಲವು ವಾರ ಅವರು ಎಂದಿನ ದಾರಿ ಬಿಟ್ಟು ಸುತ್ತು ಹಾಕಿ ಆಫೀಸಿಗೆ ಹೋಗುತ್ತಿದ್ದರು, ಸತ್ಯನಾರಾಯಣರ ಮನೆ ಕಣ್ಣಿಗೆ ಬೀಳಬಾರದೆಂದು. ಕೊನೆಗೆ ಅವರ ಹೆಂಡತಿ ಸುಧಾಮಣಿಯೇ, "ಹೋಗಿ ಹೇಳಿ ಬನ್ನಿ, ಮನೇಲಿ ಕೂತು ಗೋಡೆ ನೋಡಿದ್ರೆ ಏನು ಬಂತು?" ಎಂದು ಅಟ್ಟಿದರು. ಸತ್ಯನಾರಾಯಣ ಊರಿನಲ್ಲಿದ್ದ ಒಂದು ಭಾನುವಾರ ಹೋದರು. ಅವನಿಯೂ ಅಲ್ಲೇ ಇದ್ದಳು.

"ತಪ್ಪು ನಂದು ಕಣ್ರಿ ಸತ್ಯ. ಅಂಗಡಿ ಹುಡುಗಿ ಸರಿಯಾಗಿರೋದನ್ನೇ ತೋರಿಸಿದ್ಲು. ಅವನೀನ ಕೇಳಿದ್ಲು, ನಾನು ಉತ್ತರ ಹೇಳ್ಬಿಟ್ಟೆ."

ಸತ್ಯನಾರಾಯಣರ ಕಣ್ಣು ತೇವವಾಯಿತು. ಎದ್ದು ಬಂದು ಇವರ ಕೈ ಹಿಡಿದುಕೊಂಡರು. "ಬಿಡಿ ಪ್ರಸಾದ್, ನಂಗೊತ್ತು. ಮಗು ಮೇಲೆ ಮಾತು ಬರಬಾರ್ದು ಅಂತ ನಿಮ್ಮ ಮೈಮೇಲೆ ಹಾಕ್ಕೋತಿದ್ದೀರಿ." ಆಮೇಲೆ ಮಗಳ ಕಡೆ ತಿರುಗಿ ಹೇಳಿದರು, "ನೋಡಿ ಕಲಿ, ದೊಡ್ಡೋರು ಅಂದ್ರೆ ಹೀಗಿರ್ಬೇಕು. ಅಂಕಲ್‌ಗೆ ಸಾರಿ ಹೇಳು."

"ಸಾರಿ ಅಂಕಲ್," ಎಂದಳು ಅವನಿ.

ಅಲ್ಲಿಂದ ಮನೆಗೆ ಹೇಗೆ ಬಂದರೋ ಅವರಿಗೇ ಗೊತ್ತಿಲ್ಲ. ತಪ್ಪು ಹೊರಿಸಿಕೊಳ್ಳಲು ಹೋದ ಮನುಷ್ಯ ಹಾರ ಹಾಕಿಸಿಕೊಂಡು ಬಂದಿದ್ದರು, ಅದೂ ಆ ಹುಡುಗಿಯ ಎದುರಿಗೇ. ಆ ಬೇಸಿಗೆಯೆಲ್ಲ ಅವರು ಮಾಡಿದ್ದು ಒಂದೇ ಕೆಲಸ, ಅವನಿಯನ್ನು ಮತ್ತೆ ಗುಡ್ಡಕ್ಕೆ ಕಳಿಸಿ ಎಂದು ಸತ್ಯನಾರಾಯಣರನ್ನು ಕಾಡಿದ್ದು. ನಮಗೆ ಯಾರಿಗೂ ಏನನ್ನೂ ಆರಿಸಿಕೊಡಲಿಲ್ಲ. ಕೊನೆಗೆ ಸತ್ಯನಾರಾಯಣ ಒಪ್ಪಿದರು, ಒಂದು ಷರತ್ತಿನ ಮೇಲೆ. "ನೀವೇ ಬಂದು ಆರಿಸಿಕೊಟ್ರೆ ಮಾತ್ರ, ಪ್ರಸಾದ್."

ಹೀಗಾಗಿ ನವೆಂಬರಿನಲ್ಲಿ ಇಬ್ಬರೂ ಮತ್ತೆ ಅದೇ ಅಂಗಡಿಗೆ ಹೋದರು. ಅದೇ ಎರಡು ಜಡೆಯ ಹುಡುಗಿ ಬಂದಳು. ಇವರ ಗುರುತು ಅವಳಿಗೆ ಹತ್ತಲಿಲ್ಲ. "ಪಾರ್ಕಿಗೆ ಹೋಗ್ತೀಯಾ? ಬೆನ್ನು ಮುಂದಾಗಿ ಜಾರ್ತೀಯಾ?" ಎಂದು ಅವನಿಯನ್ನೇ ಕೇಳಿದಳು.

ಈ ಪ್ರಶ್ನೆ ಬರುತ್ತದೆಂದು ಶಿವಪ್ರಸಾದರಿಗೆ ಗೊತ್ತಿತ್ತು. ಮನೆಯಿಂದಲೇ ಸಿದ್ಧವಾಗಿ ಬಂದಿದ್ದರು. ಜಾಕೆಟ್ ಜೇಬಿನಲ್ಲಿ ಕೈ ಇಟ್ಟುಕೊಂಡು ತುಟಿ ಬಿಗಿಹಿಡಿದು ನಿಂತರು. ಇನ್ನು ಮಗು ತಾನೇ ಹೇಳುತ್ತದೆ ಎಂದುಕೊಂಡರು.

ಅವನಿ ಹೇಳಲಿಲ್ಲ. ತಿರುಗಿ ಇವರ ಮುಖ ನೋಡಿದಳು. ಏನು ಹೇಳಲಿ ಅಂಕಲ್ ಎಂದು ಕೇಳುವ ಹಾಗೆ, ಜಾರುವ ಕಾಲು ತನ್ನದೇ ಆಗಿದ್ದರೂ.

ಆ ನೋಟವನ್ನು ಎದುರಿಸಲಾರದೆ ಅವರು ಅಲ್ಲಿಂದ ಸರಿದು ಕೈಗವಸುಗಳ ಸ್ಟ್ಯಾಂಡಿನ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಂತರು. ಅವಳಿಗೆ ನೋಡಲು ತಮ್ಮ ಮುಖ ಸಿಗಬಾರದೆಂದು. ಬೆನ್ನ ಹಿಂದೆ ಅಂಗಡಿಯ ಹುಡುಗಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದ್ದು ಕೇಳಿಸಿತು. ಅವರು ಒಂದು ಜೊತೆ ಕೈಗವಸು ತೆಗೆದು, ಹಾಕಿಕೊಂಡು, ಬಿಚ್ಚಿ, ಮತ್ತೆ ಅದರ ಜಾಗದಲ್ಲೇ ಇಟ್ಟರಂತೆ. ಅವನಿಯ "ಯೆಸ್" ಬಂದದ್ದು ಆಮೇಲೆ.