ಚೆನ್ನಮ್ಮನ ಹೊರೆ

ಶಿವರಾತ್ರಿಗೆ ಇನ್ನೂ ಮೂರು ವಾರ ಇರುವಾಗಲೇ ಚೆನ್ನಮ್ಮ ಮೂಟೆ ಕಟ್ಟಲು ಕೂತಳು. ತಮಿಳು ಸೀಮೆಗೆ ಸೇರಿದ ತಳಿ ಪೇಟೆಯ ಹತ್ತಿರದ ಅವಳ ಊರಿನಿಂದ ಮಾದೇಶ್ವರನ ಬೆಟ್ಟಕ್ಕೆ ಆರು ದಿನದ ಬರಿಗಾಲ ನಡಿಗೆ. ಊರಿನಿಂದ ಹೊರಡುವ ಗುಂಪು ಏನನ್ನು ಹೊರಬೇಕು, ಏನನ್ನು ಬಿಡಬೇಕು ಎಂದು ಇಪ್ಪತ್ತಾರು ವರ್ಷ ತೀರ್ಮಾನ ಮಾಡಿದವಳು ಅವಳೇ. ಹುರಿಹಿಟ್ಟು, ಬೆಲ್ಲ, ನಿಂಬೆಹಣ್ಣು, ಅಂಗಾಲಿಗೆ ಹರಳೆಣ್ಣೆ ಎಲ್ಲವೂ ಅವಳ ಕೈಯಿಂದಲೇ ಅಳತೆಯಾಗಿ ಹೊರಡುತ್ತಿದ್ದವು. ಈ ವರ್ಷ ಗುಂಪಿನ ಯಜಮಾನ ಹನುಮಂತರಾಯಪ್ಪ ಜಗಲಿಗೆ ಬಂದು ಕೂತು, ಮೊದಲು ಗುಲಾಬಿ ಗಿಡದ ರೋಗದ ಮಾತಾಡಿ, ಆಮೇಲೆ ಅವರವರ ಮೂಟೆ ಅವರವರೇ ಕಟ್ಟಿಕೊಳ್ಳಲಿ, ನಿನಗೆ ಯಾಕೆ ಸುಮ್ಮನೆ ಶ್ರಮ ಎಂದ. ಒಳ್ಳೆಯ ಮನುಷ್ಯ, ನೋಯಿಸುವ ಮಾತನ್ನೂ ನೋಯದ ಹಾಗೆ ಹೇಳಲು ನೋಡಿದ. ಚೆನ್ನಮ್ಮನಿಗೆ ನೋವಾಯಿತು. ಆದರೂ ಹೂಂ ಎಂದು ಅವನಿಗೆ ಕಾಫಿ ಕೊಟ್ಟು ಕಳಿಸಿದಳು.

ಈ ಕಾಲವನ್ನು ನಂಬಿ ಕೆಟ್ಟವರು ಬಹಳ ಜನ. ಹೊಂಗೆ ಚಿಗುರುತ್ತದೆ, ಮುತ್ತುಗ ಹೂ ಬಿಡುತ್ತದೆ ಎಂದು ಹಿಗ್ಗುವವರು ಹಿಗ್ಗಲಿ, ನಡೆಯುವವರ ಪಾಲಿಗೆ ಇದು ಮೋಸದ ಕಾಲ. ತಳಿ ಎತ್ತರದ ಸೀಮೆ. ಮಾಘ ಮುಗಿಯುತ್ತಾ ಬಂದರೂ ಬೆಳಗ್ಗೆ ಹೂ ಬಿಡಿಸುವವರ ಬೆರಳು ಮರಗಟ್ಟುತ್ತವೆ. ಅದೇ ದಾರಿ ಹಿಡಿದು ಅಂಚೆಟ್ಟಿ ದಾಟಿ ಇಳಿಜಾರಿಗೆ ಬಿದ್ದರೆ ಹನ್ನೊಂದು ಗಂಟೆಗೆಲ್ಲ ಕಲ್ಲು ಕಾದು ಅಂಗಾಲಿಗೆ ಬೊಬ್ಬೆ ಬರುತ್ತದೆ. ಸಂಜೆ ಎಲ್ಲಿಂದಲೋ ಮೋಡ ಬಂದು ಒಂದು ಸುತ್ತು ಸುರಿದು ಹೋದರೂ ಹೋಯಿತು. ಫೋನಿನಲ್ಲಿ ತಮಿಳಿನಲ್ಲಿ ಹವಾಮಾನ ಹೇಳುವ ಪುಣ್ಯಾತ್ಮರು ಇಡೀ ಕೃಷ್ಣಗಿರಿ ಜಿಲ್ಲೆಗೆ ಒಂದೇ ಮಾತು ಹೇಳಿ ಕೈತೊಳೆದುಕೊಳ್ಳುತ್ತಾರೆ. ನಮ್ಮ ಮೇಲ್ಸೀಮೆಯವರ ದಡ್ಡತನ ಫೋನಿಗಿಂತ ಹಳೆಯದು. ಅವರು ಕೆಳಗಿನ ದಾರಿಯನ್ನು ಮರೆತು ತಮ್ಮ ಅಂಗಳದ ಚಳಿ ನೋಡಿ ಮೂಟೆ ಕಟ್ಟುತ್ತಾರೆ. ಹಲ್ಲು ಕಟಕಟ ಎನ್ನುವಾಗ ನೀರಿನ ಯೋಚನೆ ಯಾರಿಗೆ ಬರುತ್ತದೆ?

ಹೋದ ವರ್ಷ ಚೆನ್ನಮ್ಮ ಮಾಡಿದ್ದೂ ಅದನ್ನೇ. ಹೊರಡುವ ಬೆಳಗ್ಗೆ ಎದುರು ಮನೆ ಕಾಣದಷ್ಟು ಮಂಜು. ಕಟ್ಟಿಟ್ಟ ಸಾಮಾನಿನಿಂದ ಹತ್ತು ಲೀಟರಿನ ಎರಡು ನೀರಿನ ಕ್ಯಾನು ತೆಗೆದು ಮೂಲೆಗಿಟ್ಟು, ಆ ಜಾಗಕ್ಕೆ ನಾಲ್ಕು ಕಂಬಳಿ ತುರುಕಿದಳು. ಇಳಿಜಾರಿನ ಕೆಳಗೆ ಹಳ್ಳ ಇದೆಯಲ್ಲ, ಯಾವ ವರ್ಷ ಬತ್ತಿದೆ ಎಂದಳು. ಗುಂಪಿನ ಹನ್ನೊಂದು ಜನವೂ ಮೈ ಮುದುರಿಕೊಂಡು ನಿಂತಿದ್ದರು, ಒಬ್ಬರೂ ಬೇಡ ಎನ್ನಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹಳ್ಳ ತಲುಪಿದಾಗ ಅಲ್ಲಿ ಬರೀ ಮರಳು ಇತ್ತು. ಮುಂದಿನ ನೀರಿಗೆ ಎರಡು ಗಂಟೆಯ ದಾರಿ. ಚೆನ್ನಮ್ಮನ ಪಕ್ಕದಲ್ಲಿ ಅವಳ ವಾರಗಿತ್ತಿ ಕೊಂಡಮ್ಮ ನಡೆಯುತ್ತಿದ್ದಳು. ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಗೋಡೆಯ ಆಚೆ ಈಚೆ ಬದುಕಿದವರು ಅವರು. ಗಂಡಂದಿರು ಹೋದ ಮೇಲೂ ಒಬ್ಬರ ಒಲೆಯ ಸಾರು ಇನ್ನೊಬ್ಬರ ಮನೆಗೆ ಹೋಗದ ದಿನವಿರಲಿಲ್ಲ. ಅರ್ಧ ಗಂಟೆ ನಡೆದ ಮೇಲೆ ಕೊಂಡಮ್ಮ ಹುಣಸೆ ಮರದ ಕೆಳಗೆ ಕೂತಳು, ಕೂತವಳು ಹಾಗೆಯೇ ವಾಲಿದಳು. ಫೋನು ಸಿಗುವ ಜಾಗಕ್ಕೆ ಒಬ್ಬರು ಓಡಿ, ಜೀಪು ಬಂದು, ಊರು ಸೇರುವಷ್ಟರಲ್ಲಿ ಉಸಿರಿರಲಿಲ್ಲ. ಗುಂಪು ಅಲ್ಲಿಂದಲೇ ಹಿಂತಿರುಗಿತು.

ಚೆನ್ನಮ್ಮನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊಂಡಮ್ಮನ ಒಬ್ಬಳೇ ಮಗಳು ವನಿತಾ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ತಿಥಿ ಮುಗಿಸಿ ಅಮ್ಮನ ಮನೆಗೆ ಬೀಗ ಹಾಕಿ ಹೋದವಳು ಮತ್ತೆ ದೊಡ್ಡಮ್ಮನ ಬಾಗಿಲಿಗೆ ಬರಲಿಲ್ಲ, ಮಾತೂ ಆಡಲಿಲ್ಲ.

ಆ ಗುಂಪಿಗೆ ಒಂದು ಕಟ್ಟುಪಾಡು ಇತ್ತು. ಪರಿಷೆಗೆ ಹೊರಟವರು ತಮ್ಮ ಹೊರೆಯನ್ನು ತಾವೇ ತಲೆಗೆ ಏರಿಸಿಕೊಳ್ಳುವಂತಿಲ್ಲ, ದಾರಿಯಲ್ಲಿ ಇಳಿಸಿದರೆ ಜೊತೆಯವರು ಯಾರಾದರೂ ಏರಿಸಬೇಕು. ಊರಿನಿಂದ ಹೊರಡುವಾಗ ಮಾತ್ರ ಹಿಂದಿನ ಸಲ ಎತ್ತಿದ ಮನೆಯವರೇ ಈ ಸಲವೂ ಎತ್ತಬೇಕು. ಆ ಮನೆಯವರಿಗೆ ಮನಸ್ಸಿನಲ್ಲಿ ಕಹಿ ಇದ್ದು ಕೈ ಹಾಕದಿದ್ದರೆ ಹೊರಟವರು ಊರಲ್ಲೇ ಉಳಿಯಬೇಕು. ಚೆನ್ನಮ್ಮನ ಹೊರೆಯನ್ನು ಅಷ್ಟು ವರ್ಷವೂ ಎತ್ತಿದವಳು ಕೊಂಡಮ್ಮ. ಆ ಮನೆಯಲ್ಲಿ ಈಗ ಉಳಿದಿದ್ದು ವನಿತಾಳ ಕೈ ಒಂದೇ. ಕೊಂಡಮ್ಮ ಹರಕೆಗೆಂದು ಹಳದಿ ಬಟ್ಟೆಯಲ್ಲಿ ಕಟ್ಟಿದ್ದ ಮುಡಿಪು ಅರ್ಧ ದಾರಿಯಿಂದ ವಾಪಸು ಬಂದು ಚೆನ್ನಮ್ಮನ ದೇವರ ಗೂಡಿನಲ್ಲಿತ್ತು. ಅದನ್ನು ಬೆಟ್ಟಕ್ಕೆ ಮುಟ್ಟಿಸದೆ ಅವಳಿಗೆ ಅನ್ನ ಸೇರುವಂತಿರಲಿಲ್ಲ. ಪಕ್ಕದ ಮನೆಯ ಮಾಲಿನಿ, ನಾನೇ ಎತ್ತುತ್ತೇನೆ, ಅದೆಲ್ಲ ಹಳೆಯ ಕಾಲದ ಮಾತು ಎಂದಳು. ಚೆನ್ನಮ್ಮ ಒಪ್ಪಲಿಲ್ಲ. ಮಾಲಿನಿಯ ಫೋನಿನಲ್ಲೇ ವನಿತಾಳಿಗೆ ಮಾತು ರೆಕಾರ್ಡು ಮಾಡಿ ಕಳಿಸಿದಳು: ಸೋಮವಾರ ಬೆಳಗ್ಗೆ ಹೊರಡುತ್ತೇವೆ, ನೀನು ಬಂದು ಎತ್ತಿದರೆ ಹೋಗುತ್ತೇನೆ. ಕೇಳಿಸಿಕೊಂಡ ಗುರುತು ಬಂತು, ಉತ್ತರ ಬರಲಿಲ್ಲ.

ಉತ್ತರ ಬಾರದ ಆ ದಿನಗಳಲ್ಲಿ ಅವಳು ಮಾಡಿದ ತಯಾರಿ ನೋಡಿ ಊರಿನವರಿಗೆ ಭಯವೇ ಆಯಿತು. ಐವತ್ತೊಂಬತ್ತು ವರ್ಷದ ಹೆಂಗಸು ಉರಿಬಿಸಿಲಿನಲ್ಲಿ ಟಾರು ರಸ್ತೆಯ ಮೇಲೆ ಬರಿಗಾಲಲ್ಲಿ ಓಡಾಡಿ ಅಂಗಾಲು ಪಳಗಿಸಿದಳು. ಒದ್ದೆ ಮಾಡಿ ತಲೆಗೆ ಸುತ್ತಿಕೊಳ್ಳಲು ಹಳೆಯ ಪಂಚೆ ಹರಿದಿಟ್ಟಳು. ಅಂಗಳದಲ್ಲಿ ಹರಡಿದ್ದ ಕಂಬಳಿಗಳನ್ನು ಮಡಿಸಿ ಅಟ್ಟಕ್ಕೆ ಎಸೆದು, ಮೂಟೆಯ ತುಂಬ ನೀರಿನ ಬಾಟಲಿಗಳನ್ನೇ ಜೋಡಿಸಿದಳು. ರಾತ್ರಿ ಚಳಿ ಇರುತ್ತದೆ, ಮಳೆ ಬಂದರೇನು ಮಾಡುತ್ತೀಯ ಎಂದು ಹನುಮಂತರಾಯಪ್ಪ ಕೇಳಿದ್ದಕ್ಕೆ, ಚಳಿಗೆ ಸತ್ತರೆ ನಾನೊಬ್ಬಳೇ ಸಾಯುತ್ತೇನೆ ಎಂದಳು. ಹೋದ ವರ್ಷ ಚಳಿಯೊಂದನ್ನೇ ನಂಬಿದವಳು ಈ ವರ್ಷ ಬಿಸಿಲೊಂದನ್ನೇ ನಂಬಿದ್ದಳು.

ಅಟ್ಟದ ಮೇಲೆ ಅವಳು ಯಾರಿಗೂ ತೋರಿಸದ ವಸ್ತು ಒಂದಿತ್ತು. ಹಸಿರು ಮುಚ್ಚಳದ ಬಾಟಲಿ, ಕೊಂಡಮ್ಮನದು. ಆ ದಿನ ಹುಣಸೆ ಮರದ ಕೆಳಗೆ ಬಿದ್ದಿದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದಳು. ಅದರ ಕತೆ ಯಾರಿಗೂ ಗೊತ್ತಿರಲಿಲ್ಲ.

ಸೋಮವಾರ ಬೆಳಗಾಯಿತು. ಮಾರಮ್ಮನ ಗುಡಿಯ ಮುಂದೆ ಜನ ಸೇರಿದರು. ಒಬ್ಬೊಬ್ಬರ ಹೊರೆಯೂ ತಲೆಗೇರಿತು. ಚೆನ್ನಮ್ಮ ಕೊಂಡಮ್ಮನ ಮುಡಿಪನ್ನು ಸೆರಗಿಗೆ ಕಟ್ಟಿಕೊಂಡು, ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡು, ಮೂಟೆಯನ್ನು ಮುಂದಿಟ್ಟುಕೊಂಡು ರಸ್ತೆ ನೋಡುತ್ತಾ ಕೂತಿದ್ದಳು. ಹೊಸೂರಿನ ಮೊದಲ ಬಸ್ಸು ಬಂದು ನಿಂತಿತು. ಕಾರ್ಖಾನೆಯ ನೀಲಿ ಅಂಗಿಯಲ್ಲೇ, ರಾತ್ರಿ ಪಾಳಿ ಮುಗಿಸಿದ ಕೆಂಪು ಕಣ್ಣಿನಲ್ಲಿ ವನಿತಾ ಇಳಿದಳು. ನೇರ ಬಂದು ಮೂಟೆಗೆ ಕೈ ಹಾಕಿದಳು.

ಅವಳು ಎತ್ತಿಬಿಟ್ಟಿದ್ದರೆ ಚೆನ್ನಮ್ಮ ಹೊರಟುಬಿಡಬಹುದಿತ್ತು. ಅದಕ್ಕೇ ತಾನೇ ಕಾದಿದ್ದು? ಆದರೆ ಕಹಿ ಇಲ್ಲದ ಕೈ ಎತ್ತಬೇಕಾದರೆ ಆ ಕೈಗೆ ಎಲ್ಲವೂ ಗೊತ್ತಿರಬೇಕು. ಅವಳು ವನಿತಾಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ತಡಿಯವ್ವಾ. ಆವತ್ತು ನಿಮ್ಮಮ್ಮನ ಬಾಟ್ಲಾಗೆ ನೀರಿತ್ತು. ನಂಗೆ ಬಾಯಾರ್ಕೆ ಇಲ್ಲ ಕಣಕ್ಕಾ, ನೀನ್ ಕುಡಿ ಅಂತ ಕೊಟ್ಳು. ನಾನು ಬ್ಯಾಡ ಅನ್ನಲಿಲ್ಲ. ತಳ ಕಾಣೋಗಂಟ ಕುಡಿದೆ."

ಅವಳು ಮಡಿಲಿನಲ್ಲಿ ಅಡಗಿಸಿ ತಂದಿದ್ದ ಹಸಿರು ಮುಚ್ಚಳದ ಬಾಟಲಿ ತೆಗೆದು ಮುಂದಿಟ್ಟಳು. ವನಿತಾ ಬಾಟಲಿಯನ್ನೇ ನೋಡುತ್ತಾ ನಿಂತಳು.

"ಒಂದ್ ವರ್ಸದಿಂದ ಯಾಕ್ ಯೇಳ್ಲಿಲ್ಲ?"

"ಹೆದ್ರಿಕೆ ಆಯ್ತು."

ವನಿತಾ ಕೂತು ಮೂಟೆಯ ಗಂಟು ಬಿಚ್ಚಿದಳು. ಒಳಗೆ ಬಾಟಲಿಗಳೇ ಬಾಟಲಿಗಳು. ಕಂಬಳಿ ಎಲ್ಲಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗಿ, ವರ್ಷದಿಂದ ಮುಚ್ಚಿದ್ದ ಮನೆಯ ಬೀಗ ತೆಗೆದು, ಕೊಂಡಮ್ಮನ ಕಂಬಳಿ ತಂದಳು. ಅರ್ಧದಷ್ಟು ಬಾಟಲಿ ತೆಗೆದು ಹನುಮಂತರಾಯಪ್ಪನ ಕಡೆಯವರಿಗೆ ಹಂಚಿ, ಕಂಬಳಿಯನ್ನು ಮಡಿಸಿಟ್ಟು, ಗಂಟು ಬಿಗಿದಳು. ಆಮೇಲೆ ಹಸಿರು ಮುಚ್ಚಳದ ಬಾಟಲಿಯನ್ನು ಬೀದಿಯ ನಲ್ಲಿಯಲ್ಲಿ ತುಂಬಿಸಿ ತಂದು ಚೆನ್ನಮ್ಮನ ಕೈಗೆ ಕೊಟ್ಟಳು. ಹೊರೆ ಎತ್ತಿ ಸಿಂಬೆಯ ಮೇಲೆ ಇಟ್ಟು, ಅದು ಅಲುಗದೆ ಕೂರುವವರೆಗೆ ಹಿಡಿದೇ ಇದ್ದು, ಹತ್ತಿರ ಬಂದು ಹೇಳಿದಳು.

"ಅಮ್ಮ ಬಿದ್ದ ತಾವ ಇದ್ನ ಉಯ್ದು ಬಾ. ನೀನ್ ಮಾತ್ರ ಇದ್ರಾಗೆ ಒಂದ್ ತೊಟ್ಟೂ ಕುಡೀಬ್ಯಾಡ ದೊಡ್ಡಮ್ಮ."

ಚೆನ್ನಮ್ಮ ತಲೆ ಆಡಿಸುವಂತಿರಲಿಲ್ಲ, ತಲೆಯ ಮೇಲೆ ಭಾರವಿತ್ತು. ಹೂಂ ಎಂದಳು. ಕ್ಷಮೆ ಸಿಕ್ಕಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಎರಡನೆಯ ಸಂಜೆ ಅಂಚೆಟ್ಟಿಯಲ್ಲಿ ತಂಗಿದಾಗ ಗಾಳಿ ಎದ್ದು ಮಳೆ ಹೊಡೆಯಿತು. ಶಾಲೆಯ ಜಗಲಿಯಲ್ಲಿ ಎಲ್ಲರೂ ನಡುಗುತ್ತಾ ಕೂತರು. ಚೆನ್ನಮ್ಮ ಕೊಂಡಮ್ಮನ ಕಂಬಳಿ ಹೊದ್ದುಕೊಂಡು ಬದುಕಿದಳು. ಅದರಲ್ಲಿ ಇನ್ನೂ ಅವಳ ಎಲೆಅಡಿಕೆಯ ವಾಸನೆ ಇತ್ತು. ಮಾರನೆಯ ದಿನ ಹತ್ತು ಗಂಟೆಗೆ ಆ ಮಳೆಯ ಗುರುತೂ ಇರದ ಹಾಗೆ ಬಿಸಿಲು ಬಿತ್ತು.

ಹುಣಸೆ ಮರ ಸಿಕ್ಕಿದ್ದು ನಡು ಮಧ್ಯಾಹ್ನ. ಅಷ್ಟರಲ್ಲಿ ಅವಳ ಮೂಟೆಯ ನೀರೆಲ್ಲ ಹಿಂದೆ ಬಿದ್ದವರ ಬಾಯಿಗೆ ಹೋಗಿ ಮುಗಿದಿತ್ತು. ಕೇಳಿದವರಿಗೆಲ್ಲ ಅವಳೇ ಕೊಟ್ಟಿದ್ದಳು. ಅವಳ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಸೊಂಟದಲ್ಲಿ ಹಸಿರು ಮುಚ್ಚಳದ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಉಳಿದವರನ್ನು ಮುಂದೆ ಕಳಿಸಿ, ಹೊರೆ ಇಳಿಸಿ, ಮಂಡಿಯೂರಿ, ಮುಚ್ಚಳ ತಿರುಗಿಸಿದಳು. ನೀರಿನ ಸದ್ದಿಗೆ ಗಂಟಲು ತಾನಾಗಿ ನುಂಗಿಕೊಂಡಿತು. ಕೊಂಡಮ್ಮ ವಾಲಿದ್ದ ಬೇರಿನ ಬುಡಕ್ಕೆ ನಿಧಾನವಾಗಿ, ಕೊನೆಯ ಹನಿಯವರೆಗೂ ಸುರಿದಳು. ನಿನಗೂ ಬಾಯಾರಿತ್ತು ಅಂತ ನನಗೆ ಗೊತ್ತಿತ್ತು ಎಂದು ಬೇರಿಗೆ ಹೇಳಿ, ಬಿಕ್ಕಿ ಬಿಕ್ಕಿ ಅತ್ತಳು.

ಸುರಿದ ನೀರು ಅಂಗೈಯಗಲ ಒದ್ದೆ ಮಾಡಿ ಅವಳ ಕಣ್ಣ ಮುಂದೆಯೇ ಆರಿಹೋಯಿತು. ಹೊರೆ ತಲೆಗೆ ಏರಿಸಲು ಅಲ್ಲಿ ಯಾರೂ ಇರಲಿಲ್ಲ. ಯಾರಾದರೂ ಹಿಂತಿರುಗಿ ಬರಲಿ ಎಂದು ಅವಳು ಮರದ ಕೆಳಗೆ ಕೂತಳು.